ಅಹವಾಲು

ಸರಕಾರವು ಮಸೂದೆಯೊಂದನ್ನು ರೂಪಿಸುವಾಗ ಸ್ವಯಂಸೇವಾ ಸಂಸ್ಥೆಗಳು ಮುಂದಿಡುವ ಅಭಿಪ್ರಾಯಗಳಿಗೂ ಪತ್ರಿಕೆಗಳು ಧಾರಾಳವಾಗಿ ಅಂಟಿಸುವ ಈ ಶಬ್ದವು, ಸ್ಥಿತಿಯೆಂಬ ಅರ್ಥವುಳ್ಳ ಅರಬ್ಬಿಯ ‘ಹಾಲ್’ ಎಂಬುದರ ಬಹುವಚನವಾದ ‘ಅಹ್ವಾಲ್’ನಿಂದ ಹುಟ್ಟಿ, ಪಾರಸಿಯ ಮಾರ್ಗವಾಗಿ ನಮ್ಮ ನುಡಿಯನ್ನು ಸೇರಿತು; ‘ಹಾಲಿ ಶಾಸಕ’ರ ‘ಹಾಲಿ’ಯೂ ಇದರ ದಾಯಾದಿಯೇ. ಮರಾಠಿಯಲ್ಲಿ ಇದಕ್ಕೆ ವರದಿಯೆಂದರ್ಥ; ಕನ್ನಡದಲ್ಲಾದರೋ ಅಧಿಕಾರಿಯ ಮುಂದೆ ಕೈಮುಗಿದು ನಿಂತವನ ಬಿನ್ನಹ. ಆದರೆ ಸಂಘಟನೆಗಳ ಮಾತೆಲ್ಲವೂ ಬಿನ್ನಹವಲ್ಲ: 1994ರಿಂದ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು ನಡೆಸಿದ ಜನ ಸುನವಾಯಿಗಳಲ್ಲಿ, ಎಂದರೆ ಸಾರ್ವಜನಿಕ ವಿಚಾರಣೆಗಳಲ್ಲಿ, ಕೂಲಿಯ ಹಾಜರಿಪಟ್ಟಿಗಳನ್ನು ಗ್ರಾಮಸ್ಥರೆದುರು ಗಟ್ಟಿಯಾಗಿ ಓದಿ ಲೆಕ್ಕ ಕೇಳಿದ ಧ್ವನಿಯು ಬೆಳೆಬೆಳೆದು 2005ರ ಮಾಹಿತಿ ಹಕ್ಕು ಅಧಿನಿಯಮಕ್ಕೆ ಪ್ರೇರಕವಾಯಿತಷ್ಟೆ. ಅಂಥದನ್ನು ಅಹವಾಲೆನ್ನುವುದು ಸಲ್ಲದು, ಹಕ್ಕೊತ್ತಾಯವೆನ್ನುವುದೇ ಯುಕ್ತ.