ಅಂಕಿತ ಒಬ್ಬರದು, ಹಕ್ಕು ಇನ್ನೊಬ್ಬರದು

ಶಹಾಬಾದ್ ಕಲ್ಲು ಯಾವೂರಿಗೆ ಹೋದರೂ ತನ್ನೂರಿನ ಹೆಸರು ಬಿಡಲ್ಲ. ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ತತ್ವಪದವೂ ಹಾಗೇ. ಕಡಕೋಳ ಮಡಿವಾಳಪ್ಪನವರ ಪದವನ್ನು ಭಜನೆಯಲ್ಲಿ ಯಾರೇ ಹಾಡಲಿ, ಕೊನೆಯ ನುಡಿಯಲ್ಲಿ ಅವರ ಅಂಕಿತ ಬಂದೇ ಬರುತ್ತೆ.

ಅದೇ ಪದ ಕ್ಯಾಸೆಟ್ ಆದರೆ? ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಕರ್ತೃ ಅಂದರೆ ನಿರ್ಮಾಪಕ. ಹಾಡಿದವರಲ್ಲ! ಪದ ಊರಿನದು, ಆ ಮುದ್ರಣ ಮಾತ್ರ 60 ವರ್ಷ ಅವರದು.

ಅಮೆರಿಕದ ಹಳ್ಳಿಹಾಡು, ಅಂದರೆ ಕಂಟ್ರಿ ಸಂಗೀತ, ಬೆಳೆದದ್ದೂ ಇಂಥ ಲೆಕ್ಕಾಚಾರದ ಮೇಲೇ. 1927ರಲ್ಲಿ ವಿಕ್ಟರ್ ಕಂಪನಿ ಪರವಾಗಿ ರಾಲ್ಫ್ ಪೀರ್ ಬ್ರಿಸ್ಟಲ್ ಪಟ್ಟಣಕ್ಕೆ ಯಂತ್ರ ಹೊತ್ತು ಬಂದ. ಗುಡ್ಡಗಾಡಿನ ಕಾರ್ಟರ್ ಕುಟುಂಬ, ರೈಲ್ವೆ ಕೂಲಿ ಮಾಡಿದ್ದ ಜಿಮ್ಮಿ ರಾಡ್ಜರ್ಸ್ ಅವನಿಗೆ ಸಿಕ್ಕಿದ್ದು ಅಲ್ಲೇ. ಹಾಡಿಗೆ 50 ಡಾಲರ್ ಕೊಟ್ಟ, ಚಿಲ್ಲರೆ ರಾಯಲ್ಟಿಯನ್ನೂ ಕೊಟ್ಟ. ಹಾಡುಗಳ ಪ್ರಕಾಶನದ ಹಕ್ಕು ಮಾತ್ರ ತನ್ನ ಕಿಸೆಗೇ! ಅವನನ್ನು ಕಳ್ಳ ಅನ್ನೋಕೆ ನನಗೆ ಮನಸ್ಸಿಲ್ಲ ನೋಡಿ. ಅವನು ಬರದಿದ್ದರೆ ಆ ದನಿಗಳು ಗುಡ್ಡ ದಾಟುತ್ತಿದ್ದವೋ ಇಲ್ಲವೋ.

ನಮ್ಮ ಕಾಯ್ದೆ ಹಾಡುವವರನ್ನು ಗುರುತಿಸಿದ್ದು 1994ರ ತಿದ್ದುಪಡಿಯಲ್ಲಿ. ವಾಣಿಜ್ಯ ಬಳಕೆಗೆ ರಾಯಲ್ಟಿ ಕೊಡಬೇಕು ಅಂದಿದ್ದು 2012ರಲ್ಲಿ. ಅಷ್ಟೊತ್ತಿಗೆ ಕ್ಯಾಸೆಟ್ ಕಾಲವೇ ಮುಗಿದಿತ್ತು.