ಉಪಧಾಪರೀಕ್ಷೆಯೂ ಗುತ್ತಿಗೆದಾರರ ಶುಚಿತ್ವಘೋಷಣೆಯೂ

ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯವೆನಿಸಿರುವ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಯ ಪ್ರತಿಯೊಂದನ್ನು ಆಧರಿಸಿ, ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿದುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ರಾಜದ್ರವ್ಯವು ಎಂತಹವರ ಕೈಸೇರಬೇಕೆಂಬ ವಿಚಾರದಲ್ಲಿ ಆ ಗ್ರಂಥದ ಮತವನ್ನು ಇಂದಿನ ಟೆಂಡರು ನಿಯಮಗಳೊಡನೆ ಹೋಲಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶವು.

ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದ ಹತ್ತನೆಯ ಅಧ್ಯಾಯದಲ್ಲಿ ಅಮಾತ್ಯರ ಶೌಚಾಶೌಚಗಳನ್ನು ಅರಿಯಲು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳು ವಿಹಿತವಾಗಿವೆ. ಉಪಧೆಯೆಂದರೆ ಗೂಢವಾಗಿ ಒಡ್ಡುವ ಪರೀಕ್ಷೆ. ಅರ್ಥೋಪಧೆಯಲ್ಲಿ ಶುದ್ಧನೆನಿಸಿದವನನ್ನೇ ಸಮಾಹರ್ತೃ, ಸನ್ನಿಧಾತೃಗಳ ಕಾರ್ಯದಲ್ಲಿ ನಿಯಮಿಸತಕ್ಕದ್ದು. ಪರೀಕ್ಷಿತನು ತನ್ನ ವಿಷಯವಾಗಿ ಹೇಳಬೇಕಾದುದೇನೂ ಇಲ್ಲ. ಶೋಧನೆಯ ಭಾರವೆಲ್ಲ ರಾಜನದು. ಇದು ಅಧಿಕಾರಿಗಳ ಮಾತಾಯಿತು. ಹೊರಗಿನಿಂದ ಕೆಲಸ ಮಾಡಿಕೊಡುವ ಕಾರುಶಿಲ್ಪಿಗಳು ಒಟ್ಟುಗೂಡಿ ಕೆಲಸದ ಗುಣವನ್ನು ಕುಂದಿಸಿದರೆ ಅವರಿಗೆ ಸಾವಿರ ಪಣಗಳ ದಂಡವನ್ನು ನಾಲ್ಕನೆಯ ಅಧಿಕರಣವು ವಿಧಿಸುತ್ತದೆ. ಟೆಂಡರುದಾರರ ಒಳಒಪ್ಪಂದವು ಇದಕ್ಕೆ ಸಮೀಪವಾದ ದೋಷವೇ.

ಭಾರತ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 175ನೆಯದು ಈ ಭಾರವನ್ನು ಟೆಂಡರುದಾರನ ಮೇಲೆಯೂ ಇರಿಸಿದೆ. ತನಗಿರುವ ಹಿತಾಸಕ್ತಿಯ ಘರ್ಷಣೆಯನ್ನೂ, ಹಿಂದಿನ 3 ವರ್ಷಗಳಲ್ಲಿ ಯಾವ ದೇಶದಲ್ಲಿಯೇ ಆಗಲಿ ತಾನು ಮಾಡಿದ ಲಂಚ, ವಂಚನೆ ಮೊದಲಾದ ಅತಿಕ್ರಮಗಳನ್ನೂ, ಬೇರೆ ಇಲಾಖೆ ತನ್ನನ್ನು ನಿಷೇಧಿಸಿದ್ದರೆ ಅದನ್ನೂ ಅವನೇ ಪ್ರಕಟಪಡಿಸಬೇಕು. ಸುಳ್ಳು ಘೋಷಣೆಯೂ ನಿಯಮಭಂಗವೇ. ಅಂತಹವನನ್ನು 151ನೆಯ ನಿಯಮದಂತೆ 2 ವರ್ಷಗಳವರೆಗೆ ದೂರವಿಡಬಹುದು.

ಕಳ್ಳನು ತಾನು ಕಳ್ಳನೆಂದು ಬರೆದುಕೊಡುವನೆ ಎಂಬುದು ಇಲ್ಲಿ ಪೂರ್ವಪಕ್ಷ. ಸಮಾಧಾನವಿದು: ಘೋಷಣೆಯ ಫಲವು ತಪ್ಪೊಪ್ಪಿಗೆಯಲ್ಲ. ಲಂಚವನ್ನು ಸಾಧಿಸುವುದು ಕಷ್ಟ. ಬರೆದುಕೊಟ್ಟ ಮಾತು ಸುಳ್ಳೆಂದು ಸಾಧಿಸುವುದು ಸುಲಭತರ. "ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ" ಎಂಬ ನೆವಕ್ಕೂ ಅವಕಾಶವಿರದು. ಮತ್ತೊಂದು ಗುಣವೂ ಉಂಟು. ಉಪಧೆಯು ಅದುಷ್ಟನನ್ನೂ ಕೆಡಿಸಬಹುದೆಂದು ಕೌಟಿಲ್ಯನೇ ಶಂಕಿಸಿದ್ದಾನೆ. ಆಮಿಷವೇ ಇಲ್ಲದ ಘೋಷಣೆಯಲ್ಲಿ ಆ ದೋಷವಿಲ್ಲ.

ಆದರೆ ಕೌಟಿಲ್ಯನು ಉಪಧೆಯಲ್ಲಿ ಗೆದ್ದವರನ್ನೂ ನಂಬಿ ಸುಮ್ಮನಿರಲಿಲ್ಲ. ಮುಂದಿನ ಅಧ್ಯಾಯಗಳಲ್ಲಿಯೇ ಗೂಢಪುರುಷರನ್ನು ನಿಯಮಿಸಿದನು. ಇಂದು ಘೋಷಣಾಪತ್ರವನ್ನು ಪಡೆದು ಕಡತದಲ್ಲಿರಿಸುವುದರೊಡನೆ ಕೆಲಸವು ಮುಗಿದರೆ, ರಾಜನು ಹೊರುತ್ತಿದ್ದ ಶೋಧನೆಯ ಭಾರವನ್ನು ಯಾರೂ ಹೊತ್ತಂತಾಗದು. ಹೇಳುವುದು ಟೆಂಡರುದಾರನ ಧರ್ಮ. ಹೇಳಿದುದನ್ನು ಪರಿಶೀಲಿಸುವುದು ಇಂದಿಗೂ ರಾಜ್ಯದ ಧರ್ಮವೇ.