ಹನೂರು ದಾರಿಯ ಅಕ್ಕಿಮೂಟೆ

ಕೊಳ್ಳೇಗಾಲದಲ್ಲಿ ನನ್ನ ಸೋದರಮಾವನಿಗೆ ನಾಲ್ಕು ಹೊಲಿಗೆ ಯಂತ್ರಗಳ ಒಂದು ಸಣ್ಣ ಘಟಕವಿದೆ. ಶಾಲೆ ಶುರುವಾಗುವ ಹೊತ್ತಿಗೆ ಸಮವಸ್ತ್ರ, ಮದುವೆ ಕಾಲದಲ್ಲಿ ರವಿಕೆ. ಉಳಿದ ತಿಂಗಳುಗಳಲ್ಲಿ ಯಂತ್ರಗಳ ಮೇಲೆ ಹಳೆ ಸೀರೆ ಹೊದಿಸಿರುತ್ತಾರೆ. ಹೋದ ವರ್ಷ ಯಾರೋ ಅವನ ತಲೆಗೆ ಒಂದು ವಿಚಾರ ತುಂಬಿದರು. ಸೇನೆಗೂ ದಿಂಬಿನ ಕವಚ ಬೇಕು, ಸರ್ಕಾರದ ಜೆಮ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಬಿಡ್ ಹಾಕಬಹುದು ಅಂತ. ಮನೆಯಲ್ಲಿ ಇಂಗ್ಲಿಷ್ ಓದಿದವರೆಂದರೆ ನಾನೊಬ್ಬಳೇ ಎಂಬ ಲೆಕ್ಕದಲ್ಲಿ ಫೋನು ನನಗೆ ಬಂತು. ನಾನು ಓದುತ್ತಿರುವುದು ಹದಿನೆಂಟನೇ ಶತಮಾನದ ಕೊನೆಯಲ್ಲಿ ದಕ್ಷಿಣ ಮೈಸೂರಿನ ದಂಡಿನ ದಾರಿಗಳ ಬಗ್ಗೆ, ಟೆಂಡರ್ ಬಗ್ಗೆ ಅಲ್ಲ ಎಂದರೆ ಅವನು ಕೇಳಲಿಲ್ಲ.

ಒಂದು ಭಾನುವಾರ ಪೂರ್ತಿ ಕೂತು ಓದಿದೆವು. ಠೇವಣಿ, ಕಳೆದ ಮೂರು ವರ್ಷದ ವಹಿವಾಟು, ಇಂಥದೇ ಸರಕನ್ನು ಹಿಂದೆ ಸರ್ಕಾರಕ್ಕೆ ಪೂರೈಸಿದ ದಾಖಲೆ. ಸಣ್ಣ ಉದ್ದಿಮೆಗಳಿಗೆ ಠೇವಣಿ ವಿನಾಯಿತಿ ಇದೆ. ಅನುಭವದ ವಿನಾಯಿತಿ ಮಾತ್ರ ಕೊಳ್ಳುವವರು ಆ ಬಿಡ್‌ನಲ್ಲಿ 'ಹೌದು' ಎಂದು ಗುರುತು ಹಾಕಿದ್ದರಷ್ಟೇ. ಗುರುತು ಹಾಕಿದ್ದರು. ಆದರೆ ಉದ್ಯಮ್ ನೋಂದಣಿ ಪತ್ರವನ್ನು ಹಾಕಬೇಕಾದ ಕಡೆ ನಾನು ಬ್ಯಾಂಕಿನ ಪುಸ್ತಕದ ಚಿತ್ರ ಹಾಕಿದ್ದೆ. ತಾಂತ್ರಿಕ ಪರಿಶೀಲನೆಯಲ್ಲೇ ಹೊರಗೆ ಬಿದ್ದೆವು. ತಪ್ಪು ನನ್ನದು. ಮಾವ ನನ್ನನ್ನು ಬೈಯಲಿಲ್ಲ, ಅನುಭವದ ಕಾಲಮ್ಮನ್ನೇ ದಿಟ್ಟಿಸಿ ನೋಡುತ್ತಾ ಕೇಳಿದ: "ಎಲ್ಲಾರ್ಗೂವಿ ಮೊದಲ್ನೆ ಕೆಲ್ಸ ಅಂತ ಒಂದು ಇರದಿಲ್ವಾ ಕೂಸು? ಅದ ಕೊಡೋರ್ಯಾರು?"

ದಂಡಿಗೆ ಸರಕು ಹೊತ್ತ ಮೊದಲಿಗರು ಯಾರು ಎಂಬ ಪ್ರಶ್ನೆಯಾದರೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದಷ್ಟು ಉತ್ತರವಿತ್ತು. ಅದೂ ದೂರದ್ದಲ್ಲ, ಮಾವನ ಅಂಗಡಿಯ ಮುಂದೆ ಹಾದು ಹನೂರಿಗೆ ಹೋಗುವ ದಾರಿಯದೇ.

1799ರ ಏಪ್ರಿಲ್. ಜನರಲ್ ಹ್ಯಾರಿಸನ ದಂಡು ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟಿತ್ತು. ಫೆಬ್ರವರಿಯಲ್ಲಿ ವೆಲ್ಲೂರಿನಿಂದ ಹೊರಟಾಗ ಅದು ಸೈನ್ಯಕ್ಕಿಂತ ಹೆಚ್ಚಾಗಿ ನಡೆಯುವ ಸಂತೆಯಂತಿತ್ತು. ಸಿಪಾಯಿಗಳಿಗಿಂತ ಎಷ್ಟೋ ಪಟ್ಟು ಎತ್ತುಗಳು, ಎತ್ತಿನ ಹಿಂದೆ ಮೂಟೆ, ಮೂಟೆ ಹಿಂದೆ ವ್ಯಾಪಾರಿ. ದಾರಿಯುದ್ದಕ್ಕೂ ಟಿಪ್ಪುವಿನ ಕುದುರೆ ಸವಾರರು ಮೇವು ಸುಟ್ಟರು, ಎತ್ತುಗಳು ಸಾಲುಸಾಲಾಗಿ ಸತ್ತವು. ಏಪ್ರಿಲ್ 16ರಂದು ಹ್ಯಾರಿಸ್ ಅಕ್ಕಿ ಮೂಟೆಗಳನ್ನು ಎಣಿಸುವುದು ಬಿಟ್ಟು ಅಳೆಸಿ ನೋಡಿದ. ಮೂಟೆಗಳ ಸಂಖ್ಯೆ ಸರಿಯಿತ್ತು, ಒಳಗಿನ ಅಕ್ಕಿ ಇರಲಿಲ್ಲ. ಸೋರಿತೋ, ಕದ್ದರೋ, ಕಾಗದದಲ್ಲಿ ಮಾತ್ರ ತುಂಬಿದ್ದರೋ, ಅಂತೂ ಕಾದಾಡುವವರಿಗೆ ಅರ್ಧ ಪಡಿಯಂತೆ ಕೊಟ್ಟರೂ ಉಳಿದದ್ದು ಹದಿನೆಂಟು ದಿನದ ಅಕ್ಕಿ.

ಏಪ್ರಿಲ್ 16ಕ್ಕೆ ಹದಿನೆಂಟು ಕೂಡಿಸಿ. ಮೇ 4. ಕೋಟೆ ಬಿದ್ದು ಟಿಪ್ಪು ಸತ್ತದ್ದು ಅಂದೇ.

ಇದನ್ನು ಮೊದಲ ಸಲ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಈಗ ಅಷ್ಟು ಉತ್ಸಾಹವಿಲ್ಲ. ಮುಂಗಾರಿಗೆ ಕಾವೇರಿ ತುಂಬಿದರೆ ಮುತ್ತಿಗೆ ಮುರಿದುಬೀಳುತ್ತಿತ್ತು, ಗೋಡೆಯಲ್ಲಿ ಕಿಂಡಿ ಬಿದ್ದದ್ದೂ ಆ ಹೊತ್ತಿಗೇ; ಅಕ್ಕಿಯೊಂದೇ ದಿನ ನಿಗದಿ ಮಾಡಿತು ಎನ್ನಲಾಗದು. ಆದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಮೀರ್ ಸಾದಿಕನಿಗೆ ಒಂದು ಪುಟ ಸಿಗುತ್ತದೆ, ಖಾಲಿ ಮೂಟೆಗೆ ಒಂದು ಸಾಲೂ ಇಲ್ಲ. ಎಂಟು ವರ್ಷ ಹಿಂದೆ, 1791ರ ಮೇನಲ್ಲಿ, ಕಾರ್ನ್‌ವಾಲಿಸ್ ಇದೇ ಕೋಟೆಯ ಮುಂದಿನಿಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ್ದು ಟಿಪ್ಪುವಿಗೆ ಸೋತು ಅಲ್ಲ; ಎಳೆಯಲು ಎತ್ತಿಲ್ಲದೆ, ತಿನ್ನಲು ಅಕ್ಕಿಯಿಲ್ಲದೆ. ದಾರಿಯಲ್ಲಿ ಮರಾಠರ ದಂಡು ಸಿಕ್ಕಿ, ಅವರ ಬಜಾರಿನಿಂದ ಅವನ ಸೈನ್ಯ ಉಂಡಿತು.

ಆ ಪಾಠ ಕಲಿತವರಲ್ಲಿ ಅಲೆಕ್ಸಾಂಡರ್ ರೀಡ್ ಒಬ್ಬ. ಬಾರಾಮಹಲಿನ ಕಲೆಕ್ಟರ್, ಥಾಮಸ್ ಮನ್ರೋನ ಮೇಲಧಿಕಾರಿ, ರೈತವಾರಿ ಪದ್ಧತಿಯ ಹೆಸರಿನೊಂದಿಗೆ ನಮಗೆ ಪರಿಚಯ. ಕಾರ್ನ್‌ವಾಲಿಸನಿಗಾಗಿ ಬಂಜಾರರನ್ನು ಒಲಿಸಿ ತಂದವನೂ ಅವನೇ. 1799ರಲ್ಲಿ ರೀಡ್ ಮತ್ತು ಕರ್ನಲ್ ಬ್ರೌನ್ ಬಂಜಾರರ ಎತ್ತುಗಳ ಹಿಂಡುಗಳನ್ನು ಕೂಡಿಸಿಕೊಂಡು ಕಾವೇರಿಪುರದ ಘಟ್ಟ ಹತ್ತಿದರು. ಈಗಿನ ಮೆಟ್ಟೂರು ಜಲಾಶಯದ ಬಳಿಯಿಂದ ಏರಿ, ಮಾರ್ಟಳ್ಳಿ, ಕೌದಳ್ಳಿಯ ಕಡೆಯಿಂದ ಹನೂರಿಗೆ ಬರುವ ದಾರಿ ಅದು. ಅವರನ್ನು ಕರೆತರಲು ಹ್ಯಾರಿಸ್ ತನ್ನ ಕುದುರೆ ದಳದ ಜನರಲ್ ಫ್ಲಾಯ್ಡ್‌ನನ್ನು ಶ್ರೀರಂಗಪಟ್ಟಣದಿಂದ ಕಳಿಸಿದ. ಫ್ಲಾಯ್ಡ್‌ನ ಬೆನ್ನಿಗೆ ಟಿಪ್ಪುವಿನ ಸರದಾರ ಕಮರುದ್ದೀನ್ ಖಾನ್. ಮಲೆ ಮಹದೇಶ್ವರ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡವರಿಗೆ, ಆ ಏರಿನಲ್ಲಿ ಹೇರಿದ ಎತ್ತಿನ ಸಾಲು ಹತ್ತಿಸುವುದು ಎಂಥ ಕೆಲಸವೆಂದು ಬಿಡಿಸಿ ಹೇಳಬೇಕಿಲ್ಲ. ದಿನಗಟ್ಟಲೆ ಹಿಡಿಯಿತು. ಆ ಅಕ್ಕಿ ಹ್ಯಾರಿಸನ ಬೀಡು ತಲುಪುವಷ್ಟರಲ್ಲಿ ಕೋಟೆ ಬಿದ್ದು ವಾರ ಕಳೆದಿತ್ತು.

ಮಾವನಿಗೆ ಇದನ್ನು ಹೇಳಿದಾಗ ಅವನು ಕೇಳಿದ ಪ್ರಶ್ನೆ ನನ್ನ ಮಾರ್ಗದರ್ಶಕರು ಕೇಳುವುದಕ್ಕಿಂತ ಚೆನ್ನಾಗಿತ್ತು: "ತಡವಾಗಿ ಬಂದ್ರೂವಿ ದುಡ್ಡು ಕೊಟ್ರಾ?"

ಇಲ್ಲೇ ಬಂಜಾರರ ವ್ಯವಹಾರದ ವಿಶೇಷವಿರುವುದು. ಅವರು ಕಂಪನಿಯ ಸಂಬಳದವರಲ್ಲ. ಇಂತಿಷ್ಟು ದರಕ್ಕೆ ಇಂತಿಷ್ಟು ಮೂಟೆ ಎಂದು ಬರೆದುಕೊಟ್ಟ ಗುತ್ತಿಗೆದಾರರೂ ಅಲ್ಲ. ತಾಂಡಾದ ನಾಯಕನಿಗೆ ಕೌಲು ಸಿಗುತ್ತಿತ್ತು: ರಕ್ಷಣೆ, ಸುಂಕದ ವಿನಾಯಿತಿ, ಕೆಲವೊಮ್ಮೆ ಮುಂಗಡ. ಧಾನ್ಯ ಅವರದು, ಎತ್ತು ಅವರದು, ದಂಡಿನ ಬಜಾರಿನಲ್ಲಿ ಅಂದಿನ ದರಕ್ಕೆ ಮಾರಾಟ. ಅದಕ್ಕೇ ಎದುರು ಬದುರಿನ ಎರಡೂ ದಂಡುಗಳು ಅವರನ್ನು ಸುಲಿಯುವುದಕ್ಕಿಂತ ಓಲೈಸುವುದೇ ಲಾಭವೆಂದು ತಿಳಿದಿದ್ದವು. ನಷ್ಟವಾದರೆ ಅದೂ ಅವರದೇ. ಘಟ್ಟದಲ್ಲಿ ಬಿದ್ದ ಎತ್ತಿಗೆ ಪರಿಹಾರ ಬರೆಯುವ ಕಾಲಮ್ಮು ಆ ಲೆಕ್ಕದಲ್ಲಿಲ್ಲ.

ಬಾಡಿಗೆ ಎತ್ತಿನ ಗುತ್ತಿಗೆ ಬೇರೆಯೇ ಆಟ. ಅಲ್ಲಿ ತಿಂಗಳಿಗೆ ತಲೆಗಿಷ್ಟು ಎಂದು ಹಣ. ಹಾಗಾಗಿ ಬಡಕಲು ಎತ್ತನ್ನು ತೋರಿಸಿ ಹಾಜರಿ ಹಾಕಿಸುವುದು, ಸತ್ತದ್ದನ್ನು ಬದುಕಿದೆ ಎನ್ನುವುದು ಗುತ್ತಿಗೆದಾರನಿಗೆ ಲಾಭ. ವಾರನ್ ಹೇಸ್ಟಿಂಗ್ಸ್ ಮೇಲೆ 1788ರಿಂದ 1795ರವರೆಗೆ ಲಂಡನ್ನಿನಲ್ಲಿ ನಡೆದ ವಿಚಾರಣೆಯ ಆರೋಪಗಳಲ್ಲಿ ದಂಡಿನ ಎತ್ತಿನ ಗುತ್ತಿಗೆಯೂ ಒಂದು. ಬೇಕಾದವರಿಗೆ ಹೆಚ್ಚಿನ ದರಕ್ಕೆ, ವರ್ಷಗಟ್ಟಲೆಗೆ ಬರೆದುಕೊಟ್ಟನೆಂದು ದೂರು. ಕೊನೆಗೆ ಬಿಡುಗಡೆಯಾಯಿತು, ಅದು ಬೇರೆ ಮಾತು. ಅಂದರೆ ಬಹಿರಂಗವಾಗಿ ಕರೆಯಬೇಕು, ಕಡಿಮೆ ಕೇಳಿದವನಿಗೆ ಕೊಡಬೇಕು ಎಂಬ ಮಾತು ಹ್ಯಾರಿಸನ ಕಾಲಕ್ಕೇ ಹಳತಾಗಿತ್ತು. ಇಂದಿನ ಎಲ್-ಒನ್ನಿನ ಮುತ್ತಜ್ಜ ಅದೇ.

ಆರ್ಥರ್ ವೆಲ್ಲೆಸ್ಲಿಗೆ ಬಾಡಿಗೆ ಎತ್ತಿನ ಮೇಲೆ ನಂಬಿಕೆಯಿರಲಿಲ್ಲ. ಅವನ ಕಣ್ಣು ಮೈಸೂರಿನ ಅಮೃತಮಹಲ್ ಮೇಲೆ. ಒಡೆಯರ ಕಾಲದ ಬೆಣ್ಣೆಚಾವಡಿ, ಹೈದರ್ ಬೆಳೆಸಿದ್ದು, ಟಿಪ್ಪು ಹೆಸರು ಬದಲಿಸಿದ್ದು. 1800ರಲ್ಲಿ ಧೋಂಡಿಯಾ ವಾಘನನ್ನು ಅಟ್ಟಿಸಿಕೊಂಡು ಹೋದಾಗ, 1803ರಲ್ಲಿ ಮರಾಠರ ಮೇಲೆ ಹೋದಾಗ ಅವನಿಗೆ ಮೈಸೂರಿನಿಂದ ಎತ್ತು, ಧಾನ್ಯ, ಕುದುರೆ ಪಡೆ ಒದಗಿಸಿದವನು ದಿವಾನ್ ಪೂರ್ಣಯ್ಯ. ಅದೇ ಪೂರ್ಣಯ್ಯ ಅದಕ್ಕೆ ಮೊದಲು ಟಿಪ್ಪುವಿನ ಖಜಾನೆ ನೋಡುತ್ತಿದ್ದವನು. ನೋಡಿ, ಪೂರೈಕೆ ಗೊತ್ತಿದ್ದವನಿಗೆ ಧಣಿ ಬದಲಾದರೂ ಕೆಲಸ ತಪ್ಪಲಿಲ್ಲ; 'ಹಿಂದಿನ ಅನುಭವ'ದ ಕಾಲಮ್ಮಿಗೆ ಇದಕ್ಕಿಂತ ದೊಡ್ಡ ಪತ್ರ ಬೇಕೆ? 1807ರಲ್ಲಿ ಅವನಿಗೆ ಯಳಂದೂರು ಜಹಗೀರಾಗಿ ಬಂತು. ಬರೀ ಎತ್ತು ಅಕ್ಕಿಗಾಗಿ ಕೊಟ್ಟದ್ದಲ್ಲ, ದಿವಾನಗಿರಿಯ ಒಟ್ಟು ಸೇವೆಗೆ ಕೊಟ್ಟದ್ದು. ಆದರೂ ಬಳೆಮಂಟಪ ನೋಡಿಕೊಂಡು ಜಹಗೀರುದಾರರ ಬಂಗಲೆಯ ಕಡೆ ನಡೆಯುವಾಗಲೆಲ್ಲ ನನಗೆ ಆ ಕಂಬಗಳ ಹಿಂದೆ ಎತ್ತಿನ ಗಂಟೆ ಕೇಳಿಸುತ್ತದೆ. ಸಂಶೋಧಕರು ಹೀಗೆಲ್ಲ ಬರೆಯಬಾರದು, ಗೊತ್ತು.

ಯುದ್ಧ ಮುಗಿದ ಮೇಲೆ ಗೆರೆ ಎಳೆದರು. ಯಳಂದೂರು ಮೈಸೂರಿಗೆ ಉಳಿಯಿತು, ಪಕ್ಕದ ಕೊಳ್ಳೇಗಾಲ ಹನೂರಿನ ಸಮೇತ ಕಂಪನಿಯ ಕೊಯಮತ್ತೂರಿಗೆ ಹೋಯಿತು. ಮತ್ತೆ ಕೂಡಿದ್ದು 1956ರಲ್ಲಿ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆ ಹಾದು ಘಟ್ಟ ಇಳಿದು ಹೋದ. ದಂಡು ಹಾದ ಮೇಲೆ ಜನ ಓಡಿಹೋಗಿ ಹಾಳುಬಿದ್ದ ಊರುಗಳ ಮಾತು ಅವನ ಪುಸ್ತಕದುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ, ಅದರಲ್ಲಿ ಬಂಜಾರರ ಲೂಟಿಯ ದೂರೂ ಸೇರಿದೆ. ಅವರ ಅಕ್ಕಿ ಯಾವ ಹಗೇವಿನಿಂದ ಬರುತ್ತಿತ್ತು ಎಂಬುದು ದಂಡಿನ ಲೆಕ್ಕದವರಿಗೆ ಬೇಡದ ವಿಷಯ.

ಕೊಳ್ಳೇಗಾಲದ ಬಾಗಿಲಿಗೆ ದಂಡಿನ ಆರ್ಡರ್ ಇನ್ನೊಮ್ಮೆ ಬಂದದ್ದು ಎರಡನೇ ಮಹಾಯುದ್ಧದಲ್ಲಿ. 1941ರಲ್ಲಿ ಜಪಾನಿನ ರೇಷ್ಮೆ ನಿಂತುಹೋಯಿತು; ಪ್ಯಾರಾಚೂಟಿಗೆ ರೇಷ್ಮೆ ಬೇಕು. ಅದೇ ವರ್ಷ ಕಾನ್ಪುರದಲ್ಲಿ ಪ್ಯಾರಾಚೂಟ್ ಕಾರ್ಖಾನೆ ಶುರುವಾಯಿತು. ಮೈಸೂರು, ಕಾಶ್ಮೀರದ ಫಿಲೇಚರ್ ನೂಲು ಯುದ್ಧಕ್ಕೆ ಮೀಸಲಾಯಿತು. ನಮ್ಮ ಕಡೆ ಹೆಚ್ಚಿನವರು ಬಿಚ್ಚುತ್ತಿದ್ದುದು ಚರಕದಲ್ಲಿ. ಚರಕದ ನೂಲು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು; ಸೀರೆಗೆ ಅದೇ ಚೆಂದ, ಆಕಾಶದಿಂದ ಮನುಷ್ಯನನ್ನು ಇಳಿಸಲು ಆಗದು. ಆದರೆ ಒಳ್ಳೆಯ ನೂಲೆಲ್ಲ ದಂಡಿಗೆ ಹೋಗಿ, ಹೊರಗಿನದು ಬಾರದೆ, ಉಳಿದ ನೂಲಿಗೂ ಬೆಲೆ ಬಂತು. ಟೆಂಡರ್ ಹಾಕದೆಯೇ ಯುದ್ಧದ ದುಡ್ಡು ಕಂಡ ಕಾಲ. ಅಷ್ಟರಲ್ಲಿ ನೈಲಾನ್ ಬಂತು, ಯುದ್ಧವೂ ಮುಗಿಯಿತು, ಬೆಲೆಯೂ ಇಳಿಯಿತು. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಹುಟ್ಟಿದ್ದರ ಹಿಂದೆ ಈ ಏರಿಳಿತವೂ ಇದೆ.

ಎರಡನೇ ಸಲ ಮಾವನ ಬಿಡ್‌ನಲ್ಲಿ ಕಾಗದ ಪತ್ರ ಎಲ್ಲ ಸರಿಯಿತ್ತು. ಬೆಲೆಯಲ್ಲಿ ಸೋತೆವು. ಗೆದ್ದವರು ಕೇಳಿದ ದರಕ್ಕೆ ನಮಗೆ ಬಟ್ಟೆಯೇ ಸಿಗುವುದಿಲ್ಲ. ಮೂರನೆಯದಕ್ಕೆ, ಸಣ್ಣದೊಂದು ಆರ್ಡರು, ದೂರದ ಊರಿನ ಒಂದು ಘಟಕಕ್ಕೆ, ಅವನ ಹೆಸರು ಮೊದಲು ಬಂತು. ಲಾರಿ ಬಾಡಿಗೆ ಕಳೆದರೆ ಉಳಿಯುವುದು ಹೊಲಿಯುವವರ ಕೂಲಿ ಅಷ್ಟೇ. "ಇರ್ಲಿ, ಕಾಲಮ್ಮು ತುಂಬ್ತದಲ್ಲ" ಅಂದ. ಸರಕು ತಲುಪಿ, ಅಲ್ಲಿಯವರು ನೋಡಿ ಒಪ್ಪಿಕೊಂಡ ಪತ್ರ ಪೋರ್ಟಲ್ಲಿಗೆ ಬಂದ ಮೇಲೆಯೇ ಹಣ.

ಕಳಿಸುವ ಹಿಂದಿನ ರಾತ್ರಿ ನಾನು ಅಲ್ಲೇ ಇದ್ದೆ. ಕವಚಗಳನ್ನು ಹತ್ತತ್ತರ ಕಟ್ಟು ಮಾಡಿ ಗೋಡೆಗೆ ಒಟ್ಟಿದ್ದರು. ಹೊಲಿಯುವ ಹೆಂಗಸರಲ್ಲಿ ಒಬ್ಬರು ಎಣಿಕೆ ಸರಿಯಿದೆ ಅಂದರು. ಮಾವ ಒಂದು ಕಟ್ಟು ಬಿಚ್ಚಿದ, ಟೇಪು ತಗೊಂಡು ಒಂದೊಂದನ್ನೇ ಮೇಜಿನ ಮೇಲೆ ಹರಡಿ ಅಳೆಯತೊಡಗಿದ. ಏಳನೆಯದು ಅರ್ಧ ಇಂಚು ಕಮ್ಮಿ ಬಂತು. ಅದನ್ನು ಪಕ್ಕಕ್ಕೆ ಎಸೆದು, ಇನ್ನೊಂದು ಕಟ್ಟಿನ ದಾರ ಬಿಚ್ಚಿದ.